ನಳಿಗೆಯ ಪಥ್ಯ

ಏಳರೊಳಗೆ ಬಂದರೆ ಗಾಳಿ ಇನ್ನೂ ಎದ್ದಿರುವುದಿಲ್ಲ
ಬೆಟ್ಟದ ಈ ಮಗ್ಗುಲಲ್ಲಿ.
ಐವತ್ತು ಮೀಟರಿನುದ್ದಕ್ಕೂ ನಾಲ್ಕು ಬಿದಿರುಕಡ್ಡಿ ನೆಟ್ಟು
ಅಮ್ಮ ರೇಷ್ಮೆ ಕಾರ್ಖಾನೆಯಿಂದ ತಂದ ಎಳೆ ಕಟ್ಟಿದ್ದೇನೆ:
ಮಗ್ಗ ಬೇಡವೆಂದ, ನಡುವೆ ಕಡಿದ ಗಿಳಿಹಸಿರು.
ಅದು ಅಲುಗದಿದ್ದರೆ
ಗಾಳಿಯ ಮೇಲೆ ದೂರು ಹಾಕುವ ಹಾಗಿಲ್ಲ.

ಮರಳುಚೀಲದ ಮೇಲೆ ರೈಫಲ್ಲು.
ಪಕ್ಕದಲ್ಲಿ ಐದು ಡಬ್ಬಿ ತೋಟಾ.
ಹೆಸರಿನ ಮೇಲೆ ಹೋದ ವರ್ಷದ ಕ್ಯಾಲೆಂಡರು ಹರಿದು ಅಂಟಿಸಿ
ಕ ಚ ಟ ತ ಪ ಅಂತ ಬರೆದಿದ್ದಾರೆ ಇನಾಯತ್ ಚಾಚಾ.
"ಹೆಸರು ಕಂಡ್ರೆ ಬೆರಳು ಮರ್ಯಾದೆ ಕೊಟ್ಬಿಡುತ್ತೆ ಮಗಾ."

ಅಶೋಕಪುರಂ ರೈಲ್ವೆ ವರ್ಕ್‌ಶಾಪಿನಲ್ಲಿ
ಮೂವತ್ತಾರು ವರ್ಷ ಫಿಟ್ಟರಾಗಿದ್ದವರು.
ಒಂದು ದಿನವೂ ಬಂದೂಕು ಹಾರಿಸಿದವರಲ್ಲ.
ಟೀ ಲೋಟ ಹಿಡಿದರೆ ನಡುಗುವ ಕೈ
ವರ್ನಿಯರ್ ಹಿಡಿದರೆ ನಿಲ್ಲುತ್ತದೆ, ಯಾಕೋ.

ಪ್ರತಿ ಡಬ್ಬಿಯ ಮೊದಲ ಹತ್ತು ಮಣ್ಣಿನ ದಿಬ್ಬಕ್ಕೆ.
ಹಿಂದಿನದರ ಮೇಣ ನಳಿಗೆ ಮರೆಯಬೇಕು,
ಹೊಸದರ ರುಚಿ ಹತ್ತಬೇಕು.
ಆಮೇಲೆ ಹತ್ತು, ಕಾಗದಕ್ಕೆ.

ಕ ಚೆನ್ನಾಗಿಯೇ ಕೂತಿತು. ಹದಿನಾಲ್ಕು ಪಾಯಿಂಟ್ ಎಂಟು.
ಚ, ಕೋಳಿಗೆ ಎರಚಿದ ನುಚ್ಚು.
ಟ ಎರಡು ಗುಂಪಾಗಿ ಸಿಡಿದು
ಭಾಗವಾದ ಅಣ್ಣತಮ್ಮಂದಿರ ಹಾಗೆ ನಡುವೆ ಜಾಗ ಬಿಟ್ಟುಕೊಂಡಿತು.
ಕ, ಟ ಎರಡೂ ಒಂದೇ ಕಂಪನಿ, ತಳದ ನಂಬರಷ್ಟೇ ಬೇರೆ
ಅಂತ ಕಾಗದ ಕಿತ್ತ ಮೇಲೆ ತಿಳಿಯಿತು.
ಅದೇ ಹಿಟ್ಟು, ಬೇರೆ ದಿನದ ಕಾವಲಿ.

ಪ ಯಾವುದೆಂದು ನನಗೆ ಮೊದಲೇ ಗೊತ್ತಾಗಿತ್ತು, ಸುಳ್ಳು ಯಾಕೆ,
ಮೇಣದ ವಾಸನೆಯಿಂದ.
ಎರಡು ತಿಂಗಳ ಟ್ಯೂಷನ್ ದುಡ್ಡು ಅದು.
ಬೆರಳು ಮರ್ಯಾದೆ ಕೊಟ್ಟಿತು; ನಳಿಗೆ ಕೊಡಲಿಲ್ಲ.
ನಮ್ಮಜ್ಜಿಯ ಎಮ್ಮೆಯೂ ಹೀಗೇ,
ಹತ್ತಿಬೀಜ ಇಟ್ಟರೆ ಮೂಸಿ ಮುಖ ತಿರುಗಿಸಿ
ಬರೀ ಬೂಸಕ್ಕೆ ಹಾಲಿಳಿಸುತ್ತಿತ್ತು.

ಇನ್ನು ತ.
ಒಂಬತ್ತು ಗುಂಡು ಒಂದೇ ತೂತಿಗೆ,
ಮೇಲೊಂದು ಹುಣಸೆಬೀಜ ಇಟ್ಟರೆ ಮುಚ್ಚಿಹೋಗುವಷ್ಟಕ್ಕೆ.
ದೂರದರ್ಶಕದಲ್ಲಿ ನೋಡುತ್ತ ನೋಡುತ್ತ
ಕಿವಿಯ ಹಿಂದೆ ನಾಡಿ ಕೇಳತೊಡಗಿತು.
ಹತ್ತನೆಯದು ಹೊರಗೆ.
ನಾಲ್ಕು ಗಂಟೆಯ ದಿಕ್ಕಿಗೆ, ಒಂಟಿ.

ರೇಷ್ಮೆ ಎಳೆ ಅಲುಗಿರಲಿಲ್ಲ.
"ಅದು ನಂದು ಚಾಚಾ. ಉಸಿರು ತಪ್ಪಿತು. ಬಿಟ್ಟು ಅಳೀರಿ."
"ನಿಂದೋ ಅದರದೋ ಕಾಗದಕ್ಕೇನ್ ಗೊತ್ತು?"
ವರ್ನಿಯರಿನ ದವಡೆ ಅಗಲಿಸಿ, ಒಂಟಿ ತೂತಿನ ಆಚೆ ಅಂಚಿಗೆ ಮುಟ್ಟಿಸಿ
ಓದಿದರು: ಹತ್ತೊಂಬತ್ತು ಪಾಯಿಂಟ್ ನಾಲ್ಕು.
ನಾನು ಬರೆದುಕೊಂಡೆ.
ಪಕ್ಕದಲ್ಲಿ, ಅವರಿಗೆ ಕಾಣದ ಹಾಗೆ,
ಒಂಬತ್ತರದ್ದನ್ನೂ.

ಕಾಗದ ಕಿತ್ತೆವು.
ತ, ಕಾಂತಮ್ಮಣ್ಣಿ ಅಕ್ಕ ಬಿಟ್ಟುಹೋದ ಡಬ್ಬಿ.
ಭುಜ ಸೋತು, ಕೋಟು ಬಿಚ್ಚಿ ಮೊಳೆಗೆ ತಗುಲಿಸಿದ ದಿನ
"ಯಾರಿಗಾದ್ರೂ ಆಗಲಿ" ಅಂದು
ಬೀರುವಿನ ಮೇಲಿಟ್ಟದ್ದು, ಎಂಟು ವರ್ಷದ ಹಿಂದೆ.
ಆ ನಂಬರು ಈಗ ಎಲ್ಲೂ ಸಿಗುವುದಿಲ್ಲ.
ಎಣಿಸಿದೆ: ಇಪ್ಪತ್ತಮೂರು.
ಸ್ಪರ್ಧೆಗೆ ಅರವತ್ತು ಬೇಕು,
ಗುರಿ ಹೊಂದಿಸಿಕೊಳ್ಳಲು ಮತ್ತೊಂದಿಷ್ಟು.

"ಕ ತರಿಸು" ಅಂದರು ಚಾಚಾ, ಕನ್ನಡಕ ಒರೆಸುತ್ತ.
ಸರಿ. ಕ ತರಿಸುತ್ತೇನೆ.
ಆದರೆ ಆ ಹತ್ತನೆಯದು
ನನ್ನದೋ, ತೋಟಾದ್ದೋ?
ಕೇಳಬೇಕೆಂದರೆ ಈ ಇಪ್ಪತ್ತಮೂರನ್ನೇ ಕೇಳಬೇಕು.
ಉತ್ತರ ಬರುವ ಹೊತ್ತಿಗೆ ಡಬ್ಬಿ ಬರಿದು.

ಮೂರನೇ ಕಡ್ಡಿಯ ಎಳೆ ಮೆಲ್ಲಗೆ ಎದ್ದಿತು.
ದೂರದಲ್ಲಿ ವರ್ಕ್‌ಶಾಪಿನ ಸೈರನ್ನು.
ರಿಟೈರಾಗಿ ಹನ್ನೊಂದು ವರ್ಷವಾದರೂ
ಚಾಚಾ ಎದ್ದು ನಿಂತರು, ಅಭ್ಯಾಸಕ್ಕೆ,
ಮತ್ತೆ ಕೂತರು.

ನಾನು ಹೊಸ ಕಾಗದ ಹಚ್ಚಲು
ಐವತ್ತು ಮೀಟರು ನಡೆದೆ.