ಎರಡು ಮೊಳದಿಂದ ಅನಂತದವರೆಗೆ

ಚಿಂತಾಮಣಿಯ ಸೊಣ್ಣಪ್ಪ ಸ್ಟುಡಿಯೋ ಮುಚ್ಚಿದ ದಿನ
ಕುಂಕುಮದ ಭರಣಿಯಷ್ಟಿದ್ದ ಇದನ್ನು
ಹಳೇ ಬನಿಯನ್ ಚೂರಲ್ಲಿ ಸುತ್ತಿ ಕೊಟ್ಟ.
ರಷ್ಯಾದ್ದು, ಇಪ್ಪತ್ತು ಮಿಲಿಮೀಟರ್, ನನಗಿಂತ ಎರಡು ವರ್ಷ ಹಿರಿದು.
ಮುಂದೆ ಬಟಾಣಿ ಕಾಳಿನಷ್ಟು ಗಾಜು,
ಹಿಂದೆ ಮಾತ್ರ ಗೂಬೆಗಣ್ಣು,
ಕ್ಯಾಮೆರಾದ ಹೊಟ್ಟೆಗಿಳಿದು ಫಿಲ್ಮಿಗೆ ಮೂಗು ತಾಗಿಸುವಂಥದ್ದು.

"ಮದುವೆಗೆ ಒಯ್ಯಬೇಡ" ಅಂದ.
"ಅಂಚಿಗೆ ನಿಂತ ಬೀಗಿತ್ತಿ ಹಂಡೆಯಾಗ್ತಾಳೆ.
ಒಂದು ಸಲ ಹಂಗಾಗಿ, ಬಾಕಿ ದುಡ್ಡು ಇವತ್ತಿಗೂ ಬಂದಿಲ್ಲ."

ಕಿಟಕಿಯ ಹಳದಿ ಚೌಕದಲ್ಲಿ
ಎರಡು ಬಿಂಬ ಒಂದಾಗುವ ತನಕ ತಿರುಗಿಸುವುದು
ಬೇರೆ ಮಸೂರಗಳ ಸಂಸಾರ.
ಇದಕ್ಕೂ ಆ ಕಿಟಕಿಗೂ ಮಾತಿಲ್ಲ.
ದೂರವನ್ನು ಕಣ್ಣಳತೆಯಲ್ಲೇ ಹೇಳಬೇಕು,
ದಲ್ಲಾಳಿ ಟವಲಿನಡಿ ಬೆರಳು ಹಿಡಿದು ಎಮ್ಮೆಯ ಬೆಲೆ ಹೇಳುವಂತೆ.
ಕಿಂಡಿ ಎಂಟಕ್ಕೆ, ಗುರುತು ಒಂದು ಮಾರಿಗೆ:
ಎರಡು ಮೊಳದಿಂದ ಅನಂತದವರೆಗೆ ಎಲ್ಲವೂ ಚೂಪು.
ಉಂಗುರದ ಮೇಲೆ ಅನಂತವೆಂದರೆ
ಅಡ್ಡ ಮಲಗಿದ ಎಂಟು,
ತಿರುಚಿಟ್ಟ ರೇಷ್ಮೆ ಲಡಿ.

ಅದಕ್ಕೇ ಇರಬೇಕು, ಮೊದಲ ರೋಲು ಶಿಡ್ಲಘಟ್ಟಕ್ಕೆ ಒಯ್ದೆ.

ಅನ್ಸರ್ ಪಾಷನ ಫಿಲೇಚರು.
ಅಗಲ ಹತ್ತಡಿ, ಉದ್ದಕ್ಕೆ ಹಬೆ ಎಷ್ಟು ಬಿಟ್ಟರೆ ಅಷ್ಟು.
ಬೆಂದ ಹುಳದ ವಾಸನೆ ಬಾಗಿಲಲ್ಲೇ ಎದೆಗೆ ಕೈಯಿಟ್ಟು ತಡೆಯಿತು.
ಬೇರೆ ಕ್ಯಾಮೆರಾಕ್ಕೆ ಇಲ್ಲಿ ಒಂದು ಮುಖ ಸಿಕ್ಕರೆ ಪುಣ್ಯ;
ನೆತ್ತಿಗೆ ಸಿಕ್ಕಿಸಿದ ಪುಟ್ಟ ದರ್ಶಕದಲ್ಲಿ
ಇಡೀ ಕೊಟ್ಟಡಿ ಬೆಂಕಿಪೊಟ್ಟಣವಾಗಿ ಕೂತಿತ್ತು,
ಸಾಲು ಬೇಸಿನ್ನು, ತಗಡು ಸೂರು, ಜೋತಾಡುವ ಬಲ್ಬು,
ಗೋಡೆಯಲ್ಲಿ ಹೋದ ವರ್ಷದ ಕ್ಯಾಲೆಂಡರು.
ಕೂದಲೆಳೆಯಷ್ಟು ತಗ್ಗಿದರೂ
ಗೋಡೆಗಳೆರಡೂ ಹೊರಕ್ಕೆ ಬಾಗುತ್ತವೆ.
ಕಂಬಕ್ಕೆ ಸೊಂಟ ಕೊಟ್ಟು, ಉಸಿರು ಕಟ್ಟಿ,
ಸೆಕೆಂಡಿನ ಹದಿನೈದನೇ ಒಂದು ಪಾಲು ಅಲುಗದೆ ನಿಂತೆ.
ಕಟಕ್. ಸನ್ನೆ ಎಳೆದೆ. ಕಟಕ್.

ಮೂಲೆಯ ಬೇಸಿನ್ನಿನಲ್ಲಿ ಜುಲೇಖಾಬಿ
ಕುದಿನೀರಿಗೆ ಬೆರಳದ್ದಿ
ಎಂಟು ಗೂಡಿನ ತುದಿ ಹುಡುಕಿ ಒಂದೇ ಎಳೆ ಮಾಡುತ್ತಿದ್ದಳು.
ತಲೆ ಎತ್ತದೆ ಕೇಳಿದಳು:

"ಸಾರ್, ಅದರ ಮೂತಿಗೆ ಬಿರಡೆ ಹಾಕ್ಕೊಂಡೇ ತೆಗೀತಾರಾ?"

ಹನ್ನೆರಡು ಸಲ ಕಟಕ್ ಅಂದಿತ್ತು.
ಮುಚ್ಚಳ ಅಲ್ಲೇ ಇತ್ತು, ಕಪ್ಪಗೆ, ನೆಟ್ಟಗೆ.
ದರ್ಶಕಕ್ಕೇನು, ಅದು ಬೇರೆ ಮನೆಯ ಕಿಟಕಿ.

"ಮೊದಲೇ ಹೇಳಬಾರದಿತ್ತಾ?"
"ನಿಮ್ಮ ಕಸುಬು ಹಂಗೇ ಏನೋ ಅಂದ್ಕೊಂಡೆ.
ಅಷ್ಟು ಭಕ್ತಿಯಿಂದ ನಿಂತಿದ್ರಿ."

ಪಕ್ಕದ ಪಿಳ್ಳಮುನಿಯಮ್ಮನ ನಗು
ಅವಳ ಕೈಯ ಎಳೆಯನ್ನೇ ಕಡಿಯಿತು.
ಅನ್ಸರ್ ಗದರಿದ; ಅವನಿಗೂ ನಗು ಬಂದು ಹೊರಗೆ ಹೋದ.

ರಾತ್ರಿ ಬಚ್ಚಲಲ್ಲಿ ತೊಳೆದು, ಬಟ್ಟೆ ತಂತಿಗೆ ಕ್ಲಿಪ್ಪು ಹಾಕಿ ನೋಡಿದೆ.
ಮೊದಲ ಹನ್ನೆರಡು ಮನೆ ಬರೀ ಗಾಜು,
ಅದರಾಚೆ ನಲ್ಲಿ, ಬಕೆಟ್ಟು, ನನ್ನ ಲುಂಗಿ.
ಹದಿಮೂರರಲ್ಲಿ ಎಲ್ಲ ಬಂದಿದ್ದರು.
ಬಾಗಿಲಾಚೆ ಸೈಕಲ್ಲಿಳಿಯುವ ಗೂಡಿನ ಚೀಲದವನೂ,
ಕೆಳಗೆ, ಕರೆಯದೆ ಬಂದ ನನ್ನ ಬೂಟಿನ ತುದಿಯೂ.
ಅಂಚಿನ ಮಬ್ಬಿನಲ್ಲಿ ಜುಲೇಖಾಬಿಯ ತೋಳು
ಎಳೆದ ಬೆಲ್ಲದ ಪಾಕದ ಹಾಗೆ
ಮೊಣಕೈಯಿಂದ ಬೆರಳಿಗೆ ಹೋಗುತ್ತಲೇ ಇತ್ತು.

ಮುಂದಿನ ವಾರ ಪ್ರಿಂಟು ಕೊಡಲು ಹೋದೆ.
ಸೊಣ್ಣಪ್ಪನ ಬಾಕಿ ನೆನಪಾಗಿ
ನಡುವೆ ನಿಂತವರ ಚಿತ್ರ ಮೇಲಿಟ್ಟಿದ್ದೆ.
ಅವಳು ಹುಡುಕಿ ಇದನ್ನೇ ತೆಗೆದಳು.
ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ,
"ಕೈ ಇಷ್ಟುದ್ದ ಇದ್ದಿದ್ರೆ
ಎರಡು ಬೇಸಿನ್ನಿನ ಕೂಲಿ ಕೇಳ್ತಿದ್ದೆ" ಅಂದಳು.

ಮತ್ತೆ, ಬೇಕಾದರೆ ಅಳೆದು ನೋಡಿ ಎಂಬಂತೆ
ತನ್ನದನ್ನು ಚಾಚಿದಳು.
ನೆಂದು ಬಿಳುಚಿ, ಬೆರಳ ತುದಿ ಬಿರಿದದ್ದು,
ನನ್ನ ಮುಖದಿಂದ
ಒಂದು ಮೊಳವೂ ಇರಲಿಲ್ಲ.