ನಾಲ್ಕೂವರೆಯ ಕಿಟಕಿ

ರೂವಿಯ ಈ ಚರ್ಚಿನಲ್ಲಿ ಶುಕ್ರವಾರವನ್ನು
ರೊಟ್ಟಿಯಂತೆ ಮುರಿದು ಹಂಚಿದ್ದಾರೆ.
ಬೆಳಗಿನ ಮೂಡಣ ಕಿಟಕಿ ಇಂಗ್ಲಿಷಿನವರದು,
ನೆತ್ತಿಯ ಬಿಸಿಲು ಮಲಯಾಳಕ್ಕೆ, ತಮಿಳಿಗೆ.
ನಮಗೆ ನಾಲ್ಕರಿಂದ ಐದೂಕಾಲು,
ಪಡುವಣ ಕಿಟಕಿ, ನಲವತ್ತೆರಡು ಜನ,
ಎರಡು ಸ್ವರ ಸತ್ತ ಹಾರ್ಮೋನಿಯಂ.

ಕಿಟಕಿಯಲ್ಲಿ ಪೇತ್ರ ಮುಳುಗುತ್ತಿದ್ದಾನೆ.
ಮೊಣಕಾಲಿನ ಸುತ್ತ ಕಡು ನೀಲಿ,
ಎದೆಯ ಬಳಿ ತಿಳಿ ನೀಲಿ,
ಯೇಸು ಬಗ್ಗಿ ಕೈ ಚಾಚಿದ್ದಾನೆ.
ಎರಡು ಕೈ ಕೂಡುವ ಆ ಜಾಗ
ಚಂಡಮಾರುತದ ರಾತ್ರಿ ಒಡೆಯಿತು.
ಪಕ್ಕದ ಗ್ಯಾರೇಜಿನ ತಗಡು ಹಾರಿಬಂದು
ಅಷ್ಟೇ ತುಂಡನ್ನು, ಅಳೆದಂತೆ, ಒಯ್ದಿತು.

"ಹೆಂಗರ ಮಾಡಿ ಮುಚ್ಚಪಾ ಸಮಾಧಾನ,
ಹೊಸಾದು ಬೈರೂತಿನಿಂದ ಬರೂತನಕ"
ಅಂದರು ಜಯಶೀಲ ಅಯ್ಯನವರು.
ನಾನು ವಾದಿ ಕಬೀರಿನಲ್ಲಿ
ಅಲ್ಯೂಮಿನಿಯಂ ಕಿಟಕಿ ಮಾಡುವವನು.
ಗಾಜಿನ ಬಗ್ಗೆ ನನಗೆ ಗೊತ್ತಿರುವುದು ಇಷ್ಟೇ:
ಸೀಮೆಎಣ್ಣೆಯಲ್ಲಿ ಅದ್ದಿದ ಚಕ್ರವನ್ನು ಒಂದೇ ಸಲ ಎಳೆಯಬೇಕು,
ಎರಡನೇ ಸಲಕ್ಕೆ ಗಾಜು ಮುನಿಯುತ್ತದೆ.
ಆ ಅಳತೆಗೆ ಸಿಕ್ಕದ್ದು ಬಾತ್‌ರೂಮಿನ ಗಾಜೊಂದೇ,
ಸೊಹಾರಿನ ಯಾವುದೋ ವಿಲ್ಲಾಕ್ಕೆ ಕತ್ತರಿಸಿ ಉಳಿದದ್ದು.
ಮೈ ಕಾಣಬಾರದು, ಬೆಳಕು ಬರಬೇಕು,
ಅಂಥ ಗಾಜು.

ಏಣಿಯ ಮೇಲೆ ನಿಂತು ಮೊದಲ ಸಲ
ಹೊರಗಿನಿಂದ ಕಿಟಕಿ ನೋಡಿದೆ.
ಪೇತ್ರನಿಲ್ಲ, ಯೇಸುವಿಲ್ಲ.
ರೊಟ್ಟಿ ಹಂಚಿನ ತಳದಂತೆ ಕಪ್ಪು,
ಮರಳು ಕೂತ ಸೀಸದ ಪಟ್ಟಿ,
ಪಾರಿವಾಳದ ಹಿಕ್ಕೆ.
ಸೂರ್ಯನಿಗೆ ಕಾಣುವುದು ಈ ಮಗ್ಗುಲು ಮಾತ್ರ.
ತನ್ನಿಂದ ಒಳಗೆ ಏನಾಗುತ್ತದೆಂದು
ಅವನಿಗೆ ಯಾರೂ ಹೇಳಿರಲಿಕ್ಕಿಲ್ಲ.

ಸೀಸ ಬಗ್ಗಿಸಿ, ಸಿಲಿಕೋನ್ ಹಚ್ಚಿ, ಬೆರಳಿನಿಂದ ಒರೆಸಿದೆ.
ಒಂದು ಮೂಲೆಯಲ್ಲಿ ಹೆಬ್ಬೆರಳಿನ ಗುರುತು ಉಳಿಯಿತು.

ಅದಾಗಿ ಮೂರು ವರ್ಷ. ಬೈರೂತಿನ ಗಾಜು ಬಂದಿಲ್ಲ.
ಒಂದು ಶುಕ್ರವಾರ ಅಯ್ಯನವರು ಪ್ರಸಂಗದಲ್ಲಿ
ಗಾಜೆಂದರೆ ಮನಸ್ಸು, ಬಣ್ಣವೆಂದರೆ ಕೃಪೆ ಅಂತೆಲ್ಲ ಹೇಳಿದರು.
ನಾನು ಪೂರ್ತಿ ಕೇಳಿಸಿಕೊಳ್ಳಲಿಲ್ಲ,
ಸಿಲಿಕೋನ್ ಹಳದಿಗಟ್ಟಿದ್ದನ್ನು ನೋಡುತ್ತಿದ್ದೆ.
ಮುಳುಗುವವನ ಕೈ ಸಿಕ್ಕಿತೋ ತಪ್ಪಿತೋ
ಮೂರು ವರ್ಷದಿಂದ ಈ ಸಭೆಗೆ ಕಾಣುವುದಿಲ್ಲ,
ಕಾರಣ ನಾನು.
ಅಲ್ಲಿರುವುದು ಒಂದು ಗೇಣು ಬಿಳಿ ಮಂಜು.
ಸಂಬಳವಿಲ್ಲದ ಐದು ತಿಂಗಳು
ಅದನ್ನೇ ನೋಡಿ ಪ್ರಾರ್ಥಿಸಿದೆ.
ಉಳಿದ ಬಣ್ಣ ಬೇಕೆನಿಸಲಿಲ್ಲ.

ನಾಲ್ಕೂವರೆಗೆ ಸೂರ್ಯ ಕಿಟಕಿಗೆ ಇಳಿಯುತ್ತಾನೆ.
ನೀಲಿ ಬೆಂಚುಗಳ ಮೇಲೆ, ಸಂಗೀತ ಪುಸ್ತಕದ ಮೇಲೆ,
ನಡುದಾರಿಯುದ್ದ ಜಾರಿ,
ತೆರೆದ ಮೂಡಣ ಬಾಗಿಲಿಂದ ಹೊರಬಿದ್ದು
ಮೆಟ್ಟಿಲ ಮೇಲೆ ಕೂತ ಇಥಿಯೋಪಿಯಾದ ಹೆಂಗಸರನ್ನು ಮುಟ್ಟುತ್ತದೆ.
ಅವರ ಸರದಿ ಐದೂವರೆಗೆ.
ಅಷ್ಟರಲ್ಲಿ ಬೆಟ್ಟ ಸೂರ್ಯನನ್ನು ನುಂಗಿರುತ್ತದೆ,
ಅವರು ಒಳಬಂದಾಗ ಕಿಟಕಿ ಬರೀ ಗೋಡೆ.
ಯಾರದೋ ಮನೆಯ ಪಾತ್ರೆ ತೊಳೆದಿಟ್ಟು ಓಡಿಬಂದವರು,
ಬಿಳಿ ಶಾಲು ಹೊದ್ದವರು.
ಕಾಯುವ ಹೊತ್ತಿನಲ್ಲಷ್ಟೇ, ಹೊಸಿಲಿನಾಚೆಗಷ್ಟೇ
ಅವರ ಹೆಗಲಿಗೆ ಗಲಿಲಾಯದ ನೀರು.

ಹೋದ ವಾರ ಬಾಗಿಲು ಕಾಯುವ ಪಾಳಿ ನನ್ನದು.
ಜೆನೆಬೆಚ್ ಎಂಬಾಕೆ ಶಾಲಿನ ಅಂಚು ಚಾಚಿ
ಉಡಿ ತುಂಬಿಸಿಕೊಳ್ಳುವವಳಂತೆ ಬಣ್ಣ ಹಿಡಿಯುತ್ತಿದ್ದಳು.
ನೀಲಿ, ಮತ್ತೆ ನೀಲಿ, ಯೇಸುವಿನ ತೋಳಿನ ಕೆಂಪು,
ನಡುವೆ ಒಂದು ಕಡೆ ಏನೂ ಇಲ್ಲ.
"ಶೂ ಹಾದಾ?" ಅಂದಳು, ಅಲ್ಲೇ ಬೆರಳಿಟ್ಟು.
ನನ್ನ ಮುರುಕು ಅರಬಿಯಲ್ಲಿ ಹೇಳಿದೆ:
ಹಮ್ಮಾಮಿನ ಗಾಜು. ನಾನೇ ಹಾಕಿದ್ದು.
ಬಾಯಿಗೆ ಶಾಲು ಒತ್ತಿಕೊಂಡು ನಕ್ಕಳು.
ಆಮೇಲೆ, ಬಿಳಿಯ ಮೇಲೆ ಬಿಳಿ ಬಿದ್ದು ಕಾಣದಾಗಿದ್ದ ಕಡೆ
ಅಂಗೈ ಮೇಲೆ ಮಾಡಿ ಹಿಡಿದಳು.
ಬಿಸಿಯಿದೆ, ಅಂದಳು.

ಒಳಗೆ ಕರ್ತನ ಪ್ರಾರ್ಥನೆ ಶುರುವಾಗಿತ್ತು.
ನಾನು ಬಾಗಿಲಲ್ಲೇ ನಿಂತೆ.

ನಿನ್ನೆ ಅಯ್ಯನವರ ಫೋನು.
ಬೈರೂತಿನವರು ಅಳತೆ ಕೇಳ್ಯಾರ, ಬರೆದಿಟ್ಟೀಯಲ್ಲ?
ಇಪ್ಪತ್ತೆರಡು, ಹದಿನಾಲ್ಕೂವರೆ. ಡೈರಿಯ ಮೊದಲ ಪುಟದಲ್ಲೇ ಇದೆ.
ಹುಡುಕಿ ಹೇಳುತ್ತೇನೆ ಅಂದೆ.