ಕಡಲನಾಯಿಯ ಕೆಮ್ಮು

ಫೋನಿನಲ್ಲಿ ಮೊದಲು ಮಾತೇ ಇಲ್ಲ.
ಯಾರೋ ಅದನ್ನು ಮಗುವಿನ ಬಾಯಿಗೆ ಹಿಡಿದಿದ್ದಾರೆ.
ಬೌ. ತುಸು ತಡೆದು ಮತ್ತೆ, ಬೌ.
ಆಮೇಲೆ ಒಳಗೆಳೆದ ಉಸಿರು,
ತುಕ್ಕು ಹಿಡಿದ ಗೇಟನ್ನು ಗಾಳಿ ತಳ್ಳಿದ ಹಾಗೆ.
"ಕೇಳಿಸಿತಾ ಮೆರನ್?" ಅಂದಳು ಥೋರಾ.
ಕೇಳಿಸಿತು. ಹೊರಟೆ.

ರಾತ್ರಿ ಎರಡೂ ಹತ್ತು, ಅಕ್ಟೋಬರ್.
ವೆಸ್ಟ್ರೇ ದ್ವೀಪದಲ್ಲಿ ಮರಗಳು ಕಡಿಮೆ,
ಗಾಳಿಗೆ ನಿಲ್ಲಲು ಒಂದು ನೆಪವೂ ಸಿಗದು.
ವ್ಯಾನು ಒಂದು ಮಗ್ಗುಲಿಗೆ ವಾಲಿಕೊಂಡೇ ಓಡಿತು.
ಕೊನೆಯ ದೋಣಿ ಸಂಜೆಯೇ ಹೋಗಿದೆ,
ಬೆಳಗಾಗದೆ ವಿಮಾನ ಬರದು.
ನಡುವೆ ಇರುವುದು ನಾನು, ಒಂದು ಚೀಲ,
ಚೀಲದಲ್ಲಿ ಹೆಬ್ಬೆರಳುದ್ದದ ಬಾಟಲಿ.

ಬಾಗಿಲು ತೆಗೆದರೆ ಮುಖಕ್ಕೆ ಹಬೆ.
ಒಲೆಯ ಮೇಲೆ ಮೂರು ಕೆಟಲು ಕುದಿಯುತ್ತಿವೆ.
ಕಿಟಕಿ ಸಂದಿಗೆಲ್ಲ ಟವೆಲು ತುರುಕಿ
ಮುದುಕಿ ಬೌಬಿ ನಿಂತಿದ್ದಾಳೆ
ಕೈತುಂಬ ಹೆಬ್ಬಾತಿನ ಕೊಬ್ಬು ಹಿಡಿದು.
ಮರಿಮಗನ ಎದೆಗೆ ಎರಡು ಸಲ ಹಚ್ಚಿಯಾಗಿದೆ.
ಥೋರಾಳ ತೊಡೆಯ ಮೇಲೆ ಸ್ವೇನ್, ಎರಡೂವರೆ ವರ್ಷ.
ಅತ್ತಷ್ಟೂ ಗಂಟಲು ಬಿಗಿ,
ಬಿಗಿದಷ್ಟೂ ಅಳು.

ನೋಡಿದೆ. ಮುಟ್ಟಲಿಲ್ಲ.
ತುಟಿ ಕೆಂಪಗಿದೆ. ಒಳ್ಳೆಯದು.
ಜೊಲ್ಲು ಸುರಿಯುತ್ತಿಲ್ಲ. ಒಳ್ಳೆಯದು.
ಪಕ್ಕೆಲುಬುಗಳ ನಡುವೆ ಚರ್ಮ ಒಳಸೇದುತ್ತಿದೆ.
ಅದು ಅಷ್ಟು ಒಳ್ಳೆಯದಲ್ಲ.
"ಚಮಚ ಹಾಕಿ ಗಂಟಲು ನೋಡಬಾರದೇ?" ಅಂದಳು ಬೌಬಿ.
ಬೇಡ. ಚಮಚ ಕಂಡು ಬೆಚ್ಚಿದರೆ
ತೆರೆದಿರುವ ಇಷ್ಟು ದಾರಿಯೂ ಮುಚ್ಚೀತು.
"ಕಂಬಳಿ ಸುತ್ತು ಥೋರಾ, ಹೊರಗೆ ನಡಿ."
"ಈ ಚಳಿಗಾ?"
"ಚಳಿಗೇ."

ಅಂಗಳದಾಚೆ ಕತ್ತಲು, ಕತ್ತಲ ಕೆಳಗೆ ಬಂಡೆ,
ಬಂಡೆಯ ಮೇಲೆ ಸೀಲುಗಳು.
ಸ್ವೇನ್ ಕೆಮ್ಮಿದ. ಬೌ.
ಕೆಳಗಿನಿಂದ ಯಾವುದೋ ಒಂದು ಉತ್ತರ ಕೊಟ್ಟಿತು.
ಅವನು ಕತ್ತೆತ್ತಿದ.
ಇನ್ನೊಮ್ಮೆ ಕೆಮ್ಮಿದ, ಈ ಸಲ ಕೇಳುವುದಕ್ಕೆಂದೇ.
ಅದೂ ಬಿಡಲಿಲ್ಲ.
ಅಳು ನಿಂತುಹೋಯಿತು.
ನನ್ನ ದಾಖಲೆ ಪುಸ್ತಕದಲ್ಲಿ ಇದಕ್ಕೆ ಕಾಲಂ ಇಲ್ಲ.
ತಣ್ಣನೆಯ ಗಾಳಿ ಅಂತ ಬರೆದೆ.
ಬಾಯಿ ತೆರೆದು ನಿಂತವನ ಕೆನ್ನೆಗೆ
ಸಿರಿಂಜಿನಿಂದ ಸಿಹಿ ಔಷಧ ಬಿಟ್ಟೆ,
ಒಂದೇ ಗುಟುಕು, ಸಮಯವನ್ನೂ ಬರೆದೆ.

"ಯಾಕೆ ಬಂತು?" ಥೋರಾ ಕೇಳಿದಳು.
ನೆಗಡಿಯ ವೈರಸ್ಸು. ನಮಗಾದರೆ ಎರಡು ಸೀನು.
ಅವನ ಉಸಿರಿನ ಕೊಳವೆ ಬಾರ್ಲಿ ದಂಟಿನಷ್ಟು,
ಒಳಗೋಡೆ ಕೂದಲೆಳೆಯಷ್ಟು ಊದಿದರೂ
ಗಾಳಿ ಸಿಳ್ಳೆ ಹಾಕಿಕೊಂಡು ನುಗ್ಗಬೇಕು.
ಕೆಲವು ಮಕ್ಕಳಿಗೆ ನೆಗಡಿಯೂ ಬೇಕಿಲ್ಲ,
ಮಲಗುವಾಗ ಚೆನ್ನಾಗಿದ್ದು ನಡುರಾತ್ರಿ ಬೊಗಳುತ್ತವೆ,
ಬೆಳಗ್ಗೆ ಗಂಜಿ ಕೇಳುತ್ತವೆ.
ಅದು ಯಾಕೋ ಗೊತ್ತಿಲ್ಲ.
ಗೊತ್ತಿಲ್ಲ ಅನ್ನುವುದನ್ನು ಮಾತ್ರ
ನಾನು ಗಟ್ಟಿಯಾಗಿಯೇ ಹೇಳುತ್ತೇನೆ.

ನಾಲ್ಕು ಗಂಟೆಗೆ ಸಿಳ್ಳೆ ಸಡಿಲಾಯಿತು.
ಮಗು ನಿದ್ದೆ, ಥೋರಾ ಕೂತಲ್ಲೇ ನಿದ್ದೆ.
ಕುದಿಯುವ ಕೆಟಲುಗಳನ್ನು ನಾನು ಹಿಂದಕ್ಕೆ ಸರಿಸಿದೆ,
ಹಬೆಯಿಂದ ಆಗುವುದು ಕೈ ಸುಡುವುದೊಂದೇ ಅಂದೆ.
ಬೌಬಿ ನನ್ನತ್ತ ನೋಡಲಿಲ್ಲ.

"ನನ್ನ ತಮ್ಮ ಎರ್ಲೆಂಡ್ ಹೀಗೇ ಬೊಗಳಿದ.
ಮೂವತ್ತೆಂಟರ ಚಳಿಗಾಲ. ನನಗೆ ಆರು.
ಕಿಟಕಿ ಹಾಕಿ ಬಾ ಅಂದಿದ್ದಳು ಅಮ್ಮ.
ನಾನು ಮರೆತೆ."

ಅದು ಬೇರೆ ಬೌಬಿ, ಅಂದೆ.
ಗಂಟಲಲ್ಲಿ ಬೂದು ಪೊರೆ ಕಟ್ಟುವ ಕಾಯಿಲೆ ಅದು.
ಕಿಟಕಿಯಿಂದ ಬಂದದ್ದೂ ಅಲ್ಲ,
ಕಿಟಕಿ ಹಾಕಿದ್ದರೆ ಹೋಗುವಂಥದ್ದೂ ಅಲ್ಲ.
ಈಗ ಎರಡನೇ ತಿಂಗಳಿಗೇ ಸೂಜಿ ಹಾಕುತ್ತೇವೆ.
"ಆಗ ಇರಲಿಲ್ಲವಾ ಸೂಜಿ?"
ಇಂಥ ಊರುಗಳಿಗೆ ಇನ್ನೂ ಬಂದಿರಲಿಲ್ಲ.

ಅವಳು ತಲೆಯಾಡಿಸಲಿಲ್ಲ, ಅಳಲಿಲ್ಲ.
ಎಪ್ರನ್ನಿಗೆ ಕೈಯ ಕೊಬ್ಬು ಒರೆಸಿಕೊಂಡು
ಕಿಟಕಿಯ ಬಳಿ ಹೋಗಿ
ಒಂದು ಟವೆಲು ಎಳೆದಳು. ಇನ್ನೊಂದು.
ಮೂರನೆಯದು ತೇವಕ್ಕೆ ಬಿಗಿದಿತ್ತು,
ಉಗುರು ಹಾಕಿ ಕಿತ್ತಳು.
ಒಳಗೆ ಬಂದ ಗಾಳಿಗೆ ಉಪ್ಪಿನ ವಾಸನೆ,
ಅದರ ಹಿಂದೆಯೇ, ದೂರದಿಂದ,
ಇನ್ನೂ ಯಾರನ್ನೋ ಕೂಗುತ್ತಿರುವ ಒಂದು ಸೀಲು.